ಗಾಳಿ ಬಿಟ್ಟ ಕೈ

ಟ್ಯೂಬ್‌ಲೆಸ್ಸೋ ಲೇಟೆಕ್ಸೋ ಎಂದು ಸೈಕಲ್ಲು ಅಂಗಡಿಯ ಆಸಿಮ್ ಮೆಸೇಜು ಕಳಿಸಿ ಮೂರು ದಿನವಾಗಿತ್ತು. ಒಂದೇ ಪದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ. ಆದಿಲಕ್ಷ್ಮಿ ಅದನ್ನು ಇನ್ನೊಮ್ಮೆ ಓದಿ ಫೋನನ್ನು ಮಡಚಿಟ್ಟ ಬಟ್ಟೆಗಳ ಮೇಲೆ ಬೋರಲು ಹಾಕಿದಳು. ಭಾನುವಾರ ರೇಸು. ಚೆನ್ನೈಯಿಂದಾಚೆ, ಹೋದ ಸಲದ್ದೇ ಕಡಲು, ಹೋದ ಸಲದ್ದೇ ರಸ್ತೆ: ಎರಡು ಕಿಲೋಮೀಟರಿಗೆ ತುಸು ಕಡಿಮೆ ಈಜು, ತೊಂಬತ್ತು ಕಿಲೋಮೀಟರು ಸೈಕಲ್ಲು, ಅದಾದ ಮೇಲೆ ಇಪ್ಪತ್ತೊಂದು ಕಿಲೋಮೀಟರು ಓಟ. ನಾಳೆ ಸಂಜೆಗೆ ಹೊರಡಬೇಕು. ರೇಸಿಗೆಂದೇ ಇಟ್ಟ ಎರಡು ಚಕ್ರಗಳು ಮಂಚದ ಕೆಳಗೆ ಕಪ್ಪು ಚೀಲದಲ್ಲಿ ಮಲಗಿದ್ದವು, ಒಳಗೆ ಟ್ಯೂಬು ಇಲ್ಲದೆ. ಲೇಟೆಕ್ಸ್ ಎಂದರೆ ಬಲೂನಿನಷ್ಟು ತೆಳ್ಳಗಿನ ಟ್ಯೂಬು. ರಸ್ತೆಯ ಮೇಲೆ ಹಗುರಾಗಿ ಓಡುತ್ತದೆ. ಆದರೆ ರಾತ್ರಿ ಕಳೆಯುವುದರೊಳಗೆ ಗಾಳಿ ಇಳಿದಿರುತ್ತದೆ, ರೇಸಿನ ಬೆಳಗ್ಗೆ ಮತ್ತೆ ತುಂಬಬೇಕು, ಕೂರಿಸುವಾಗ ಟೈರಿನ ಅಂಚಿಗೆ ಒಂದು ಎಳೆ ಸಿಕ್ಕಿಕೊಂಡರೂ ಒಡೆಯುತ್ತದೆ. ಕೂರಿಸುವವನ ಕೈ ಚೆನ್ನಾಗಿರಬೇಕು. ಟ್ಯೂಬ್‌ಲೆಸ್ಸಿನಲ್ಲಿ ಟ್ಯೂಬೇ ಇಲ್ಲ. ಟೈರಿನೊಳಗೆ ಹಾಲಿನಂಥ ದ್ರವ ಹುಯ್ದಿರುತ್ತಾರೆ, ಮುಳ್ಳು ಚುಚ್ಚಿದರೆ ಅದೇ ಹೋಗಿ ತೂತು ಮುಚ್ಚುತ್ತದೆ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ, ನಲವತ್ಮೂರು ದಾಟಿದ ಹೆಂಗಸಿಗೆ ಎರಡರ ನಡುವಿನ ವ್ಯತ್ಯಾಸ ತೊಂಬತ್ತು ಕಿಲೋಮೀಟರಿಗೆ ಹೆಚ್ಚೆಂದರೆ ಅರ್ಧ ನಿಮಿಷ ಎಂದು ಅವಳೇ ಕೂತು ಲೆಕ್ಕ ಹಾಕಿದ್ದಳು. ಅರ್ಧ ನಿಮಿಷಕ್ಕಾಗಿ ಮೂರು ದಿನ ನಿದ್ದೆಗೆಡುವವಳು ತಾನಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಚೀಲವನ್ನು ಹೆಗಲಿಗೇರಿಸಿಕೊಂಡು ಚಪ್ಪಲಿ ಹಾಕಿಕೊಳ್ಳುವಾಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗಂಗಲಕ್ಷ್ಮಮ್ಮ ಎಲ್ಲಿಗೆ ಎನ್ನುವಂತೆ ತಲೆಯೆತ್ತಿದರು. ಶಿವಾಜಿನಗರಕ್ಕೆ ಎಂದಳು. "ಹೋದ್ಸಲ ಕೆಡಿಸಿ ಕಳ್ಸಿದ್ನಲ್ಲ, ಅವನ ಹತ್ರಾನೇ ಯಾಕಮ್ಮ ಹೋಗ್ತೀಯ? ಹೊರಮಾವಲ್ಲಿ ಅಂಗ್ಡಿ ಇಲ್ವಾ?" ಎಂದರು ಗಂಗಲಕ್ಷ್ಮಮ್ಮ, ಸೊಸೆಯ ಮೇಲಿನ ಅಕ್ಕರೆಯಿಂದಲೇ. ಮೊದಮೊದಲು ಸೊಸೆ ಚಡ್ಡಿ ಹಾಕಿ ಸೈಕಲ್ಲು ತುಳಿಯುವುದನ್ನು ನೋಡಲಾರದೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದ ಮುದುಕಿ ಈಗ ಅವಳ ಪರವಾಗಿ ಯಾರ ಮೇಲೆ ಬೇಕಾದರೂ ಜಗಳಕ್ಕೆ ನಿಲ್ಲುತ್ತಾರೆ. ಆದಿಲಕ್ಷ್ಮಿ ಗೇಟು ತೆರೆದಳು. ತಿರುವಿನಲ್ಲಿ ಫ್ಲೆಕ್ಸು ಇನ್ನೂ ಇತ್ತು. ಎಂಟು ತಿಂಗಳ ಬಿಸಿಲಿಗೆ ಅವಳ ಮುಖ ನೀಲಿಗಟ್ಟಿತ್ತು, ಮೈಸೂರು ಪೇಟ ಮಾತ್ರ ಕೆಂಪಾಗಿಯೇ ಉಳಿದಿತ್ತು. 'ಪಂಕ್ಚರ್ ಆದರೂ ಎದೆಗುಂದದ ನಮ್ಮೂರ ಹೆಮ್ಮೆಯ ಸೊಸೆ.' ಹೊಲಗಳಿದ್ದ ಕಾಲದಿಂದಲೂ ಊರಲ್ಲಿದ್ದ ಮನೆಗಳವರೆಲ್ಲ ಸೇರಿ ಸಮುದಾಯ ಭವನದಲ್ಲಿ ಶಾಲು ಹೊದಿಸಿದ್ದರು. ಮೈಕು ಹಿಡಿದವರು ಪಂಕ್ಚರ್ ಒಂದು ಆಗದೇ ಹೋಗಿದ್ದರೆ ಎಂದು ಮೂರು ಸಲ ಹೇಳಿದರು, ಮೂರು ಸಲವೂ ಚಪ್ಪಾಳೆ ಬಿತ್ತು. ರೇಸು ಮುಗಿಸಿ ಬಂದಿದ್ದರೆ ಬಹುಶಃ ಇಷ್ಟು ದೊಡ್ಡ ಸನ್ಮಾನ ಆಗುತ್ತಿರಲಿಲ್ಲ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಫೋಟೋಗೆ ನಿಂತಿದ್ದಳು. ಎದೆಗುಂದದ ಎಂಬ ಪದವನ್ನು ಯಾರು ಹಾಕಿಸಿದರೋ.

ಟಿನ್ ಫ್ಯಾಕ್ಟರಿಯ ಹತ್ತಿರ ಆಟೋ ಇಳಿದು ಮೆಟ್ರೋ ಮೆಟ್ಟಿಲು ಹತ್ತುವಷ್ಟರಲ್ಲಿ ಬೆನ್ನು ಬೆವತಿತ್ತು. ಚೀಲ ತಪಾಸಣೆಯ ಯಂತ್ರದ ಬಾಯಿಗೆ ಹಿಡಿಸಲಿಲ್ಲ. ಕಾವಲಿನ ಹೆಂಗಸು ಜಿಪ್ಪು ತೆಗೆಸಿ, ಚಕ್ರವನ್ನು ಬೆರಳಿನಿಂದ ತಟ್ಟಿ ನೋಡಿ, ಇದರ ಗಾಡಿ ಎಲ್ಲಿ ಎಂದು ಕೇಳಿದಳು. ಮನೆಯಲ್ಲಿದೆ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ರೈಲಿನಲ್ಲಿ ಪಕ್ಕದ ಸೀಟಿನಾಕೆಗೆ ಅದು ಹೋಳಿಗೆ ಹಂಚಿನಂತೆ ಕಂಡಿತು, ಎಲ್ಲಿ ಸಿಕ್ಕಿತಮ್ಮ ಇಷ್ಟು ದೊಡ್ಡದು ಎಂದು ವಿಚಾರಿಸಿದಳು. ಇಂದಿರಾನಗರ ಬರುವವರೆಗೂ ಆದಿಲಕ್ಷ್ಮಿ ಕಿಟಕಿಯಾಚೆ ಹಳೆ ಮದರಾಸು ರಸ್ತೆಯನ್ನು ನೋಡುತ್ತಿದ್ದಳು, ಆದರೆ ಕಣ್ಣಿಗೆ ಬೀಳುತ್ತಿದ್ದದ್ದು ಕಡಲ ದಂಡೆಯ ಸವುಕು ಮರಗಳ ಸಾಲು. ಹೋದ ಸಲದ ರೇಸಿನ ಅರವತ್ತೊಂದನೆಯ ಕಿಲೋಮೀಟರು. ನೋವು ಇತ್ತೇ ಎಂದು ಎಷ್ಟೋ ಸಲ ತನ್ನನ್ನು ಕೇಳಿಕೊಂಡಿದ್ದಾಳೆ, ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಮಂಡಿ ನೋಯುತ್ತಿರಲಿಲ್ಲ, ಉಸಿರು ಹಿಡಿಯುತ್ತಿರಲಿಲ್ಲ. ಮುಂದೆ ರಸ್ತೆ ನೆಟ್ಟಗೆ ಇತ್ತು, ಬಿಸಿಲು ಇತ್ತು, ಅವಳಿಗಿಂತ ದೊಡ್ಡವಳೊಬ್ಬಳು ಗುಡ್ ಜಾಬ್ ಎಂದು ಹೇಳಿ ದಾಟಿಹೋದಳು, ಅಷ್ಟೆ. ಹೊರಮಾವಿನಲ್ಲಿ ಎಲ್ಲರೂ ಫೋನಿನಲ್ಲಿ ರೇಸಿನ ನಕ್ಷೆ ತೆರೆದು ತನ್ನ ಹೆಸರಿನ ಚುಕ್ಕೆ ಎಲ್ಲಿದೆ ಎಂದು ನೋಡುತ್ತಿರುತ್ತಾರೆ, ಚುಕ್ಕೆ ಕೊನೆಯಲ್ಲಿರುತ್ತದೆ ಎಂದು ಒಮ್ಮೆ ಅನಿಸಿತು. ಸಾಕು ಎಂದೂ ಅನಿಸಿತು. ಬ್ರೇಕು ಹಿಡಿದು ಇಳಿದಳು. ಮರದ ಮರೆಗೆ ಸೈಕಲ್ಲು ತಳ್ಳಿಕೊಂಡು ಹೋಗಿ, ಹಿಂದಿನ ಚಕ್ರದ ವಾಲ್ವಿನ ತಲೆ ಸಡಿಲಿಸಿ, ಹೆಬ್ಬೆರಳಿನ ಉಗುರಿನಿಂದ ಒತ್ತಿ ಹಿಡಿದಳು. ಗಾಳಿ ಅವಳು ಅಂದುಕೊಂಡದ್ದಕ್ಕಿಂತ ಬಹಳ ಹೊತ್ತು ಹೋಯಿತು. ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿದ್ದ ಬದಲಿ ಟ್ಯೂಬನ್ನು ತೆಗೆದು ಸವುಕಿನ ತೋಪಿನೊಳಕ್ಕೆ ಎಸೆದಳು. ಮೋಟಾರ್ ಬೈಕಿನಲ್ಲಿ ಬಂದ ಸ್ವಯಂಸೇವಕನಿಗೆ ಬದಲಿ ಟ್ಯೂಬು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು ಎಂದಳು. ಅವನು ಪಂಪು ತರಲೇ ಎಂದ. ಪ್ರಯೋಜನವಿಲ್ಲ ಎಂದಳು. ಆಗ ಅವಳ ದನಿ ಎಷ್ಟು ಸಹಜವಾಗಿತ್ತೆಂದರೆ, ಅವನು ಅವಳಿಗೆ ಎಳನೀರು ತಂದುಕೊಟ್ಟ, ಅವಳು ಅದನ್ನು ಕುಡಿದಳು.

ಅಷ್ಟಕ್ಕೇ ಮುಗಿದಿದ್ದರೆ ಅದು ಅವಳೊಬ್ಬಳ ಹೊಟ್ಟೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಮುಗಿಯಲಿಲ್ಲ. ಆ ಟ್ಯೂಬನ್ನು ಕೂರಿಸಿದವನು ಅಕ್ತರ್. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೂವತ್ತೆಂಟು ವರ್ಷದಿಂದ ಸೈಕಲ್ಲು ರಿಪೇರಿ ಮಾಡುತ್ತಿದ್ದವನು. ಹಲಸೂರು, ಇಂದಿರಾನಗರದ ಸವಾರರೆಲ್ಲ ರೇಸಿನ ಚಕ್ರಗಳನ್ನು ಅವನ ಕೈಗೇ ಕೊಡುತ್ತಿದ್ದರು, ಲೇಟೆಕ್ಸ್ ಅಂದರೆ ಅಕ್ತರ್ ಭಾಯ್ ಎನ್ನುತ್ತಿದ್ದರು. ಊರಿಗೆ ಮರಳಿ ಚಕ್ರ ತಂದುಕೊಟ್ಟಾಗ ಅವನು ಟ್ಯೂಬು ಬಿಚ್ಚಿ, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಅಂಗುಲ ಅಂಗುಲವಾಗಿ ಮುಳುಗಿಸಿ ನೋಡಿದ್ದ. ಒಂದು ಗುಳ್ಳೆಯೂ ಏಳಲಿಲ್ಲ. ಒರೆಸಿ ಮತ್ತೆ ಮುಳುಗಿಸಿದ. ಆಮೇಲೆ ಮುಂದಿನ ಭಾನುವಾರ, ಸವಾರಿ ಮುಗಿಸಿ ಅವಳ ಸೈಕಲ್ಲು ಗುಂಪೆಲ್ಲ ಅವನ ಅಂಗಡಿಯ ಮುಂದೆ ಚಹಾ ಕುಡಿಯುವ ಹೊತ್ತಿನಲ್ಲಿ, ಅವನೇ ಎದ್ದು ನಿಂತು ಹೇಳಿದ: ಟ್ಯೂಬಲ್ಲಿ ತೂತಿಲ್ಲ, ವಾಲ್ವಿನ ಪಿನ್ನು ಬಿಗಿ ಮಾಡುವುದನ್ನು ನಾನೇ ಮರೆತಿರಬೇಕು, ನನ್ನ ಕೈ ತಪ್ಪು, ಈ ಅಮ್ಮನ ರೇಸು ಹಾಳಾಯಿತು. ವಾಲ್ವಿನ ಪಿನ್ನನ್ನು ಅವನು ಬೆರಳಿನಲ್ಲೇ ತಿರುಗಿಸಿ, ಕೊನೆಯ ಕಾಲು ಸುತ್ತನ್ನು ಇಕ್ಕಳದಲ್ಲಿ ಕೊಡುತ್ತಿದ್ದ, ಬಿಗಿ ಎಷ್ಟೆಂಬುದು ಬೆರಳಿಗೇ ತಿಳಿಯುತ್ತದೆ ಎನ್ನುತ್ತಿದ್ದ. ಹನ್ನೆರಡು ಜನ ಆದಿಲಕ್ಷ್ಮಿಯ ಮುಖ ನೋಡಿದರು. ಅವಳು ಚಹಾದ ಲೋಟ ಹಿಡಿದು, ಪರವಾಗಿಲ್ಲ ಬಿಡಿ ಅಕ್ತರ್ ಭಾಯ್, ಎಂದಳು. ಕ್ಷಮಿಸಿದಳು. ಎಲ್ಲರಿಗೂ ಅವಳ ದೊಡ್ಡ ಮನಸ್ಸು ಮೆಚ್ಚಿಗೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ ಆ ಕ್ಷಮೆಯೇ ಅವಳನ್ನು ಹೆಚ್ಚು ಸುಡುತ್ತಿತ್ತು, ಕಾಲೇಜಿನಲ್ಲಿ ಹುಡುಗಿಯರು ಕಾಪಿ ಹೊಡೆದು ಸಿಕ್ಕಿಬಿದ್ದಾಗಲೆಲ್ಲ ಅವಳ ನಾಲಗೆ ಒಣಗುತ್ತಿತ್ತು.

ಹಲಸೂರಿನಲ್ಲಿಳಿದು ಆಟೋ ಹಿಡಿದು ಓಣಿಯ ಬಾಯಿಗೆ ಬಂದಾಗ ಹನ್ನೊಂದಾಗಿತ್ತು. ಮಾರುಕಟ್ಟೆಯ ಕಡೆಯಿಂದ ಕೊತ್ತಂಬರಿ ಸೊಪ್ಪಿನ ವಾಸನೆ ಬಂತು. ಅವಳ ಅಪ್ಪ ಮುನಿಆಂಜನಪ್ಪ ದೇವಸಂದ್ರದಿಂದ ಸೊಪ್ಪಿನ ಕಟ್ಟು ಹೇರಿಕೊಂಡು ಸೈಕಲ್ಲಿನಲ್ಲಿ ಇಲ್ಲಿಗೇ ಬರುತ್ತಿದ್ದದ್ದು. ಒಂದು ದಿನ ಟಿನ್ ಫ್ಯಾಕ್ಟರಿಯ ಹತ್ತಿರವೇ ಟೈರು ಸೀಳಿತಂತೆ. ಹತ್ತಿರದಲ್ಲಿ ಅಂಗಡಿ ತೆರೆದಿರಲಿಲ್ಲ, ಮೂಟೆ ಇಳಿಸುವಂತಿರಲಿಲ್ಲ, ಶಿವಾಜಿನಗರದವರೆಗೂ ತಳ್ಳಿಕೊಂಡೇ ಬಂದನಂತೆ. ಇದನ್ನು ಅಪ್ಪ ಸಾಹಸದ ಕಥೆಯಂತೆ ಹೇಳಿದವನಲ್ಲ, ಅವತ್ತು ಮೆಂತ್ಯ ಬಾಡಿತ್ತು, ದಂಟು ಮಾತ್ರ ಚೆನ್ನಾಗಿತ್ತು ಎಂದು ಹೇಳಿದ್ದ. ಅಕ್ತರ್ ಈಗ ಅಂಗಡಿಯ ಹೊರಗೆ ಕಲ್ಲಿನ ಮೇಲೆ ಕೂರುತ್ತಿದ್ದ. ಎಂಟು ತಿಂಗಳಿಂದ ಅವನ ಪಾಲಿಗೆ ಬರುತ್ತಿದ್ದದ್ದು ಶಾಲೆಯ ಮಕ್ಕಳ ಸೈಕಲ್ಲು, ಹಾಲಿನವರ ಸೈಕಲ್ಲು. ಒಳಗಿನ ಎತ್ತರದ ಸ್ಟ್ಯಾಂಡು, ರೇಸಿನ ಚಕ್ರಗಳು ಎಲ್ಲ ಮಗ ಆಸಿಮ್‌ನವು. ಅವಳು ಬಂದದ್ದನ್ನು ಅವನು ನೋಡಲಿಲ್ಲ. ಗುಲಾಬಿ ಬಣ್ಣದ ಪುಟ್ಟ ಸೈಕಲ್ಲೊಂದಕ್ಕೆ ಗಾಳಿ ತುಂಬಿ ಮುಗಿಸಿದ್ದ. ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಬಾಯಿಗೆ ಇಟ್ಟು, ಬಗ್ಗಿ, ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಬರಲಿಲ್ಲ. ಒರೆಸಿ ಮತ್ತೆ ಎಂಜಲು ಹಚ್ಚಿದ, ಮತ್ತೆ ಬಗ್ಗಿದ. ಸೈಕಲ್ಲನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹೋದವನು ತಿರುಗಿ ಬಂದು ಮೂರನೆಯ ಸಲವೂ ನೋಡಿದ. ಆ ರೇಸಿಗೆ ಮುಂಚೆ ಯಾವತ್ತೂ ಅವನು ಹಾಗೆ ಎರಡನೆಯ ಸಲ ನೋಡಿದ್ದನ್ನು ಅವಳು ಕಂಡಿರಲಿಲ್ಲ. ಚೀಲದ ಪಟ್ಟಿ ಅವಳ ಹೆಗಲನ್ನು ಕೊರೆಯುತ್ತಿತ್ತು.

ಆಸಿಮ್ ಹೊರಗೆ ಬಂದು ಚೀಲ ಇಸಿದುಕೊಂಡ. ಮೂವತ್ತರ ಒಳಗಿನ, ಕೆಲಸದಲ್ಲಿ ಚುರುಕಾದ ಹುಡುಗ, ಮಾತಿನಲ್ಲಿ ಒಂದಿಷ್ಟು ಅವಸರ. ಉತ್ತರ ಬಾರದಿದ್ದರೂ ಟ್ಯೂಬ್‌ಲೆಸ್ ಎಂದೇ ತಿಳಿದು ಎಲ್ಲ ತೆಗೆದಿಟ್ಟಿದ್ದ: ಹೊಸ ಟೈರು, ರಿಮ್ಮಿನ ಒಳಗೆ ಸುತ್ತುವ ಟೇಪು, ಆ ಹಾಲಿನಂಥ ದ್ರವದ ಸೀಸೆ. ಗುಂಪಿನಲ್ಲಿ ಎಲ್ಲರೂ ಇದಕ್ಕೇ ಬಂದಿದ್ದಾರೆ, ಲೇಟೆಕ್ಸು ಈಗ ಯಾರಿಗೂ ಬೇಕಿಲ್ಲ ಎಂದು ವಿವರಿಸಿದ. ಅಪ್ಪನಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಇದ್ರಲ್ಲಿ ಯಾರ ಕೈನೂ ನಂಬ್ಬೇಕಾಗಿಲ್ಲ ಮೇಡಂ. ಅದೇ ಅಡ್ವಾಂಟೇಜು," ಎಂದ. ಹೊರಗೆ ಅಕ್ತರ್ ಏನೋ ಉಜ್ಜುತ್ತಿದ್ದವನು ನಿಲ್ಲಿಸಿ, ಕೇಳಿಸದವನಂತೆ ಮತ್ತೆ ಉಜ್ಜತೊಡಗಿದ. ಲೇಟೆಕ್ಸೇ ಹಾಕಿ, ಅಕ್ತರ್ ಭಾಯೇ ಹಾಕಲಿ ಎಂದುಬಿಟ್ಟರೆ ಸಾಕೆಂದು ಬಸ್ಸಿನಲ್ಲಿ, ಸ್ನಾನದಲ್ಲಿ, ಬೋರ್ಡಿನ ಮುಂದೆ ಎಷ್ಟು ಸಲ ಅಂದುಕೊಂಡಿದ್ದಳು. ಅವನ ಕೈಗೆ ಮರ್ಯಾದೆ ಸಿಗುತ್ತದೆ, ತನ್ನ ಬಾಯಿ ಮುಚ್ಚಿಯೇ ಇರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಈಗ, ಆ ಸೀಸೆಯನ್ನು ನೋಡುತ್ತ ನಿಂತಾಗ, ಇನ್ನೊಂದು ಯೋಚನೆ ಬಂತು, ಅದರಿಂದ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಲೇಟೆಕ್ಸು ಬೇಕೆನಿಸುತ್ತಿರುವುದು ಅಕ್ತರನಿಗಾಗಿಯೋ, ಅಥವಾ ಅದು ತೆಳ್ಳಗಿದೆ, ಯಾವಾಗ ಬೇಕಾದರೂ ಕೈಕೊಡಬಹುದು, ಅರವತ್ತೊಂದನೆಯ ಕಿಲೋಮೀಟರಿನಲ್ಲಿ ಮತ್ತೊಂದು ಮರದ ಸಾಲು ಇರುತ್ತದೆ ಎಂದೋ? ಅವನ ಕೈಯನ್ನು ನಂಬುತ್ತೇನೆ ಎಂದು ಹೇಳಿ, ಅದೇ ಕೈಯ ಹಿಂದೆ ಮತ್ತೆ ಅಡಗಿಕೊಳ್ಳಲು ಜಾಗ ಮಾಡಿಕೊಳ್ಳುತ್ತಿದ್ದೇನೆಯೇ? ಮೂರು ದಿನ ಉತ್ತರ ಕೊಡಲಾಗದೆ ಒದ್ದಾಡಿದ್ದು ಇದಕ್ಕೇ. ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚದೆ ಯಾವುದನ್ನು ಹಾಕಿಸಿಕೊಂಡರೂ ಒಂದೇ. ಇದು ಹೊಳೆದ ಮೇಲೆ ವಿಚಿತ್ರವೆಂಬಂತೆ ಅವಳ ಎದೆಬಡಿತ ನಿಧಾನವಾಯಿತು, ನೀರಿಗೆ ಇಳಿಯುವ ಮುನ್ನ ಆಗುತ್ತಿದ್ದಂತೆ.

ಅಕ್ತರ್ ಭಾಯಿಯನ್ನು ಒಳಗೆ ಕರೆ ಎಂದು ಆಸಿಮ್‌ಗೆ ಹೇಳಿದಳು. ಅಕ್ತರ್ ಬಂದು ಬಾಗಿಲ ಹತ್ತಿರವೇ ನಿಂತ, ಕೈಯಲ್ಲಿ ಚಿಂದಿ ಬಟ್ಟೆ. ಇತ್ತೀಚೆಗೆ ಅವನು ಸ್ವಂತ ಅಂಗಡಿಯಲ್ಲೇ ಹೀಗೆ ನಿಲ್ಲುತ್ತಿದ್ದ.

"ಅವತ್ತು ಟ್ಯೂಬ್ ಹೋಗಿರ್ಲಿಲ್ಲ ಅಕ್ತರ್ ಭಾಯ್. ನಿಮ್ಮ ಪಿನ್ನೂ ಸಡಿಲ ಇರ್ಲಿಲ್ಲ. ಗಾಳಿ ನಾನೇ ಬಿಟ್ಟೆ."

ಅವನಿಗೆ ಅರ್ಥವಾಗಲಿಲ್ಲ. ಬಿಟ್ಟೆ ಅಂದ್ರೆ, ಎಂದ. ಅವಳು ಸವುಕಿನ ತೋಪಿನಿಂದ ಶುರುಮಾಡಿ ಹೇಳಿದಳು, ಉಗುರಿನಿಂದ ಒತ್ತಿದ್ದನ್ನು, ಬದಲಿ ಟ್ಯೂಬು ಎಸೆದದ್ದನ್ನು, ಎಳನೀರನ್ನೂ ಬಿಡದೆ. ಕಾಲು ನೋಯುತ್ತಿತ್ತು ಎಂದು ಒಂದು ಸಣ್ಣ ಮಾತು ಸೇರಿಸಲು ನಾಲಗೆ ತಾನಾಗಿಯೇ ಹೊರಟಿತು, ಅದನ್ನು ಹಿಡಿದು ನಿಲ್ಲಿಸಿದಳು. ನೋವು ಇರಲಿಲ್ಲ, ಸಾಕೆನಿಸಿತು ಎಂದಳು. ಆಸಿಮ್ ಸೀಸೆಯನ್ನು ಮೇಜಿನ ಮೇಲಿಟ್ಟ. ಅಕ್ತರ್ ಅವಳನ್ನು ನೋಡದೆ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದ. ಮೊಣಕೈವರೆಗೂ ತೊಳೆದ. ನೀರು ನಿಲ್ಲಿಸಿದ ಮೇಲೂ ಗೋಡೆಯ ಕಡೆಗೇ ತಿರುಗಿ ನಿಂತಿದ್ದ.

"ಎಂಟು ತಿಂಗ್ಳಮ್ಮ," ಎಂದ. "ಚಾ ಲೋಟ ಹಿಡಿಯೋವಾಗ್ಲೂ ಈ ಕೈ ನೋಡ್ಕೊಂತಿದ್ದೆ. ವಯಸ್ಸಾಯ್ತು, ನಡುಗ್ತದೆ ಅಂತ ನಾನೇ ಅನ್ಕೊಂಡ್ಬಿಟ್ಟೆ. ನೀವು ಎಲ್ಲರ ಮುಂದೆ ಪರವಾಗಿಲ್ಲ ಅಂದ್ರಿ."

"ಅಂದೆ," ಎಂದಳು ಆದಿಲಕ್ಷ್ಮಿ.

ಈಗ ಅವನು ಅದೇ ಮಾತನ್ನು ತನಗೆ ಹೇಳಬಹುದು ಎಂದು ಅವಳ ಒಳಗೆ ಏನೋ ಕಾಯುತ್ತಿತ್ತು, ನಾಚಿಕೆಯಿಲ್ಲದೆ ಕಾಯುತ್ತಿತ್ತು. ಆಸಿಮ್ ಕೂಡ ಅಪ್ಪನ ಬೆನ್ನನ್ನೇ ನೋಡುತ್ತಿದ್ದ. ಅಕ್ತರ್ ಹೇಳಲಿಲ್ಲ. ಕೈ ಒರೆಸಿಕೊಂಡು ಬಂದು, ನನಗೆ ಹೇಳಿದ್ರೆ ನನಗೊಬ್ಬನಿಗೇ ಗೊತ್ತಾಗ್ತದೆ, ಅವತ್ತು ಚಾ ಕುಡಿದವರು ಹನ್ನೆರಡು ಜನ ಎಂದ. ಅದು ಸರಿಯಾದ ಲೆಕ್ಕ. ಅವಳು ಸ್ಟೂಲಿನ ಮೇಲೆ ಕೂತು ಫೋನು ತೆಗೆದು ಸವಾರರ ಗುಂಪಿಗೆ ಮೆಸೇಜು ಬರೆದಳು. ಹೆಬ್ಬೆರಳು ಒದ್ದೆಯಾಗಿ ಅಕ್ಷರಗಳು ತಪ್ಪುತ್ತಿದ್ದವು, ಅಳಿಸಿ ಅಳಿಸಿ ಬರೆದಳು. ನಾನು ಮಾಡಿದ್ದು, ಅಕ್ತರ್ ಭಾಯ್ ಕೆಲಸದಲ್ಲಿ ತಪ್ಪಿರಲಿಲ್ಲ, ನಾನು ಹೆದರಿ ನಿಲ್ಲಿಸಿದೆ. ಕಳಿಸುವ ಮುಂಚೆ ಆಸಿಮ್‌ಗೆ ಕೊಟ್ಟು ಅಪ್ಪನಿಗೆ ಓದಿ ಹೇಳು ಎಂದಳು. ಆಸಿಮ್ ಕೆಮ್ಮಿ, ಮಗ್ಗಿ ಒಪ್ಪಿಸುವವನಂತೆ ಒಂದೇ ದನಿಯಲ್ಲಿ ಓದಿದ. ಅಕ್ತರ್ ಕಣ್ಣು ಮುಚ್ಚಿ ಕೇಳಿಸಿಕೊಂಡ.

"ಪರವಾಗಿಲ್ಲ ಅಂದಿದ್ದು ಬರ್ದಿಲ್ಲ," ಎಂದ.

ಅವಳು ಫೋನು ವಾಪಸು ತೆಗೆದುಕೊಂಡಳು. ನಾನು ಮಾಡಿದ ತಪ್ಪಿಗೆ ಅವರನ್ನು ನಿಮ್ಮೆಲ್ಲರ ಮುಂದೆ ಕ್ಷಮಿಸಿದೆ ಎಂದು ಸೇರಿಸಿದಳು. ಕ್ಷಮಿಸಿದೆ ಎಂಬ ಪದವನ್ನು ಬರೆದ ಮೇಲೆ ಅದು ಎಷ್ಟು ಅಸಹ್ಯವಾಗಿ ಕಾಣುತ್ತದೆ ಎಂದು ಒಂದು ಕ್ಷಣ ನೋಡಿ, ಕಳಿಸಿದಳು. ಒಬ್ಬೊಬ್ಬರಾಗಿ ಓದಿದ ಗುರುತುಗಳು ಬೀಳತೊಡಗಿದವು. ಇವತ್ತು ಸಂಜೆಯೊಳಗೆ ಇದು ಹೊರಮಾವಿಗೆ ತಲುಪುತ್ತದೆ, ಪೇಟ ತೊಡಿಸಿದವರಿಗೂ, ಜಗಲಿಯ ಮೇಲಿನ ಅತ್ತೆಗೂ. ಆ ಫ್ಲೆಕ್ಸನ್ನು ಅವರು ಬಿಚ್ಚುವ ಮೊದಲು ತಾನೇ ಏಣಿ ಹಾಕಿ ಬಿಚ್ಚಬೇಕು, ಅತ್ತೆಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾನೇ ಹೇಳಬೇಕು ಎಂದುಕೊಂಡಳು. ಅಂಜಿಕೆ ಇತ್ತು, ಆದರೆ ಹಿಂದಿನ ಅಂಜಿಕೆಯ ಹಾಗೆ ಅದಕ್ಕೆ ಬಚ್ಚಿಟ್ಟುಕೊಳ್ಳುವ ಜಾಗ ಬೇಕಿರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ, "ಲೇಟೆಕ್ಸ್ ಹಾಕಿ," ಎಂದಳು. "ನೀವು ಹಾಕೋದಾದ್ರೆ."

ಅಕ್ತರ್ ತಕ್ಷಣ ಒಪ್ಪಲಿಲ್ಲ. ಚಕ್ರವನ್ನು ಎತ್ತಿ ಬೆಳಕಿಗೆ ಹಿಡಿದು ರಿಮ್ಮಿನ ಒಳಗೆ ಬೆರಳಾಡಿಸುತ್ತ, "ಈ ಸಲ ನಿಜವಾಗ್ಲೂ ಪಂಚರ್ ಆದ್ರೆ ಯಾರೂ ನಂಬಲ್ಲ, ಗೊತ್ತಾ?" ಎಂದ.

"ಗೊತ್ತು. ಬದಲಿ ಟ್ಯೂಬ್ ಹಾಕ್ಕೊಂತೀನಿ. ಅದೂ ಹೋದ್ರೆ ತಳ್ಕೊಂಡ್ ಬರ್ತೀನಿ."

ತಳ್ಳಿಕೊಂಡು ಬಂದರೆ ಕೊಟ್ಟ ಸಮಯ ಮೀರುತ್ತದಲ್ಲ, ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ ಎಂದು ಆಸಿಮ್ ನಡುವೆ ಬಾಯಿ ಹಾಕಿದ. ಅವಳು ಹೌದು ಎಂದಳು. ತೊಂಬತ್ತನೆಯ ಕಿಲೋಮೀಟರಿನಲ್ಲಿ ಗೇಟು ಮುಚ್ಚಿರುತ್ತದೆ, ಬ್ಯಾನರು ಬಿಚ್ಚುತ್ತಿರುತ್ತಾರೆ, ಅದೆಲ್ಲ ಅವಳಿಗೆ ಈಗಲೇ ಕಾಣುತ್ತಿತ್ತು. ಆದರೂ ಅಲ್ಲಿಯವರೆಗೆ ಬರುತ್ತೇನೆ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿದಿರಲಿಲ್ಲ. ಅಪ್ಪನ ದಂಟು ಸೊಪ್ಪು ಮಾರಾಟವಾಯಿತೋ ಇಲ್ಲವೋ ಎಂದು ಯಾವತ್ತೂ ಕೇಳಲಿಲ್ಲವಲ್ಲ ಎಂದು ನೆನಪಾಯಿತು.

ಆಸಿಮ್ ಎತ್ತರದ ಸ್ಟ್ಯಾಂಡಿನ ಮುಂದಿನಿಂದ ತನ್ನ ಸ್ಟೂಲು ಸರಿಸಿಕೊಂಡು ಅಪ್ಪನಿಗೆ ಜಾಗ ಬಿಟ್ಟ. ಅಕ್ತರ್ ಕೂತ. ಪೌಡರಿನ ಡಬ್ಬಿ ತೆಗೆದು ಅಂಗೈಗೆ ಸುರಿದುಕೊಂಡು, ತೆಳ್ಳಗಿನ ಟ್ಯೂಬನ್ನು ಮಗುವಿಗೆ ಹಚ್ಚುವಂತೆ ಸವರಿ, ಚೂರೇ ಗಾಳಿ ತುಂಬಿ ಟೈರಿನೊಳಕ್ಕೆ ಇಳಿಸಿದ. ಟೈರು ಎಬ್ಬುವ ಕಬ್ಬಿಣ ಮುಟ್ಟಿಸದೆ, ಎರಡು ಹೆಬ್ಬೆರಳಿನಿಂದಲೇ ಅಂಚನ್ನು ಒತ್ತುತ್ತ ಸುತ್ತು ಬಂದ. ಕೊನೆಯ ಗೇಣಿನಲ್ಲಿ ಟೈರು ಹಟ ಮಾಡಿತು, ಅವನ ಕತ್ತಿನ ನರ ಬಿಗಿಯಿತು, ಟಪ್ ಎಂದು ಕೂತಿತು. ಒಂದು ಸಲ ಸುತ್ತಲೂ ಟೈರಿನ ಅಂಚು ಸರಿಸಿ ಟ್ಯೂಬು ಎಲ್ಲೂ ಸಿಕ್ಕಿಲ್ಲ ಎಂದು ನೋಡಿದ. ಪಿನ್ನನ್ನು ಬೆರಳಿನಲ್ಲಿ ತಿರುಗಿಸಿ, ಇಕ್ಕಳದಲ್ಲಿ ಕಾಲು ಸುತ್ತು ಕೊಟ್ಟು, ಗಾಳಿ ತುಂಬಿ, ವಾಲ್ವಿನ ತಲೆ ಮುಚ್ಚಿದ. ಅಷ್ಟೂ ಹೊತ್ತು ಆದಿಲಕ್ಷ್ಮಿ ಆ ಕೈಗಳನ್ನೇ ನೋಡುತ್ತಿದ್ದಳು. ನಡುಗುತ್ತಿರಲಿಲ್ಲ. ಅಪ್ಪನ ಕೆಲಸವನ್ನು ಪರೀಕ್ಷಿಸಿ ನೋಡುವ ಎಂಟು ತಿಂಗಳ ಅಭ್ಯಾಸದಿಂದ ಆಸಿಮ್ ಬೆರಳಿಗೆ ಎಂಜಲು ಹಚ್ಚಿಕೊಂಡು ವಾಲ್ವಿನ ಕಡೆಗೆ ಬಗ್ಗಿದ. ಅಕ್ತರ್ ಅವನ ಮಣಿಕಟ್ಟು ಹಿಡಿದ.

"ಬೇಡ," ಎಂದ. ಚಕ್ರವನ್ನು ಚೀಲದೊಳಗಿಟ್ಟು, ಎರಡನೆಯದನ್ನು ಕೊಡು ಎಂದು ಮಗನ ಕಡೆ ಕೈ ಚಾಚಿದ.